ಬಡಾವಣೆಯ ಖಾಲಿ ಜಾಗ ಪಾರ್ಕ್ ಆಗಬೇಕು: ಲಾನ್, ಕಾಡು, ಕಾರಂಜಿ – ಯಾವುದರಿಂದ ಶುರು ಮಾಡುವುದು?

ಪ್ರಶ್ನೆ: ಮೂಲೆಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿ ಕೆಲಸ ಈ ಸಲ ನನ್ನ ತಲೆಗೆ ಬಿದ್ದಿದೆ. ನಾನು ಲೆಕ್ಕಪತ್ರದ ಮನುಷ್ಯ. ಗಿಡ, ಮಣ್ಣು, ನಕ್ಷೆ ಇವೆಲ್ಲ ನನಗೆ ಹೊಸದು.

ಎಲ್ಲರಿಗೂ ಸೇರಿದ ಸುಮಾರು 2000 ಚದರ ಮೀಟರ್ ಜಾಗ ಇದೆ. ಒಂದು ಬದಿಗೆ ಸಮುದಾಯ ಭವನ, ಅದರ ತಾರಸಿ 300 ಚದರ ಮೀಟರ್ ಬರಬಹುದು. ಉಳಿದದ್ದು ಗಟ್ಟಿಯಾದ ಮಣ್ಣು, ಮನೆ ಕಟ್ಟುವಾಗ ಸುರಿದ ಇಟ್ಟಿಗೆ ಚೂರು, ಗಾರೆಯ ಹೆಂಟೆ, ಮಧ್ಯೆ ಎರಡು ದೊಡ್ಡ ಮರ. ಜಾಗ ಹಿಂದಿನ ಮೂಲೆಯ ಕಡೆ ಇಳಿಜಾರಾಗಿದೆ. ಜೋರು ಮಳೆ ಬಂದರೆ ಭವನದ ಪೈಪಿನ ನೀರೂ ಸೇರಿಕೊಂಡು ಆ ಮೂಲೆಯಲ್ಲಿ ಕೆರೆ ಆಗುತ್ತದೆ.

ಈಗ ಜಗಳ ಶುರುವಾಗಿದೆ. ಹಿರಿಯರಿಗೆ ಅಚ್ಚುಕಟ್ಟಾದ ಲಾನ್ ಬೇಕು, ಕಾರಂಜಿ ಬೇಕು, ಸುತ್ತ ಪೇವರ್ ಹಾದಿ ಬೇಕು. ಹುಡುಗರು ಇಡೀ ಜಾಗಕ್ಕೆ ಮಿಯಾವಾಕಿ ಕಾಡು, ಅಂದರೆ ಸಸಿಗಳನ್ನು ಒತ್ತೊತ್ತಾಗಿ ನೆಟ್ಟು ಬೆಳೆಸುವ ಕಾಡು, ಹಾಕೋಣ ಅನ್ನುತ್ತಾರೆ. ಒಬ್ಬ ವಿನ್ಯಾಸಕಾರರು ಬಣ್ಣದ ನಕ್ಷೆ ಕೊಟ್ಟಿದ್ದಾರೆ, ಮೇಲೆ 'ಸುಸ್ಥಿರ ಉದ್ಯಾನ' ಎಂದು ದೊಡ್ಡದಾಗಿ ಬರೆದಿದೆ. ಒಳಗೆ ನೋಡಿದರೆ ಲಾನ್, ಪಾಮ್ ಸಾಲು, ಕಾರಂಜಿ ಮತ್ತು ಸೋಲಾರ್ ದೀಪ. ಸುಸ್ಥಿರ ಅನ್ನುವುದು ದೀಪಕ್ಕೆ ಮಾತ್ರವಾ ಅಂತ ಕೇಳಬೇಕೆನಿಸಿತು, ಸುಮ್ನಿದ್ದೆ.

ನಮಗೆ ಇರುವುದು ಒಬ್ಬ ಮಾಲಿ, ಅವರೂ ಅರ್ಧ ದಿನ ಮಾತ್ರ. ನೀರು ನಿಲ್ಲುವ ಮೂಲೆಗೆ ಮಣ್ಣು ತುಂಬಿಸಿ ಎತ್ತರ ಮಾಡಿಬಿಡಿ ಎಂದು ಗುತ್ತಿಗೆದಾರರು ಹೇಳುತ್ತಾರೆ. ಮಾಡಬಹುದಾ? ನೀರು ಇಂಗಿಸಿದರೆ ಸೊಳ್ಳೆ ಆಗಲ್ವಾ? ನಕ್ಷೆಗೆ ಸಹಿ ಹಾಕುವ ಮೊದಲು ನಾನು ಏನು ಕೇಳಬೇಕು?


ಉತ್ತರ: ಸಂಶಯಜೀವಿ

ಕಾರಂಜಿಗೆ ಮೊದಲು ಬೇಡ ಅನ್ನಿ. ಎರಡು ವರ್ಷ ಚಿಮ್ಮುತ್ತದೆ, ಆಮೇಲೆ ಪಂಪ್ ಕೆಡುತ್ತದೆ, ಆಮೇಲೆ ಅದರಲ್ಲಿ ಎಲೆ ಕೊಳೆಯುತ್ತದೆ. ನಾನು ನೋಡಿದ ಕಾರಂಜಿಗಳ ಪೈಕಿ ಓಡುತ್ತಿರುವುದಕ್ಕಿಂತ ನಿಂತಿರುವುದೇ ಜಾಸ್ತಿ.

ಇನ್ನೊಂದು ಮಾತು. ಹಸಿರಾಗಿ ಕಂಡದ್ದೆಲ್ಲ ಸುಸ್ಥಿರ ಅಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದ ಚೊಂಗ್‌ಗ್ಯೆಚೊನ್ ತೊರೆಯನ್ನು ಎಲ್ಲರೂ ಹೊಗಳುತ್ತಾರೆ. ಮೇಲಿದ್ದ ಹೆದ್ದಾರಿ ಕಿತ್ತು 2005ರಲ್ಲಿ ಸುಮಾರು 5.8 ಕಿಲೋಮೀಟರ್ ತೊರೆಯನ್ನು ಜನರಿಗೆ ಬಿಟ್ಟುಕೊಟ್ಟರು. ಆದರೆ ಅಲ್ಲಿ ಹರಿಯುವ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿ ತಂದದ್ದು. ದಿನಕ್ಕೆ ಸುಮಾರು 1,20,000 ಟನ್ ಅಂತೆ. ಕರೆಂಟ್ ನಿಂತರೆ ತೊರೆಯೂ ನಿಂತಿತು. ಪುಟ್ಟ ಸಂಘಕ್ಕೆ ಇಂಥ ಆಸೆ ಬೇಡ.


ಉತ್ತರ: ಗುದ್ದಲಿ

ಮೂಲೆಮನೆಯವರೇ, ನಾನು ಸಾರ್ವಜನಿಕ ಉದ್ಯಾನಗಳ ನಿರ್ವಹಣೆ ಕೆಲಸದಲ್ಲಿ ಶುರು ಮಾಡಿ ಆಮೇಲೆ ವಿನ್ಯಾಸದ ಕಡೆ ಬಂದವನು. ಅದಕ್ಕೇ ಯಾರಾದರೂ ನಕ್ಷೆ ಕೊಟ್ಟರೆ ಮೊದಲು ನಲ್ಲಿ ಎಲ್ಲಿದೆ ಎಂದು ಹುಡುಕುತ್ತೇನೆ. ನಿಮ್ಮ ನಕ್ಷೆಯಲ್ಲೂ ಹುಡುಕಿ. ನಲ್ಲಿಯಿಂದ ಕೊನೆಯ ಪಾತಿಗೆ 60 ಮೀಟರ್ ದೂರ, ಮಾಲಿಯ ಹತ್ತಿರ ಇರುವ ಪೈಪು 30 ಮೀಟರ್ – ಇಂಥ ಉದ್ಯಾನಗಳನ್ನು ನಾನು ಎಷ್ಟೋ ನೋಡಿದ್ದೇನೆ. ಆ ಕೊನೆಯ ಪಾತಿ ಒಣಗಿದಾಗ ಬೈಗುಳ ಬೀಳುವುದು ಮಾಲಿಗೆ. ನಕ್ಷೆ ಬರೆದವರಿಗೆ ಯಾರೂ ಏನೂ ಅನ್ನುವುದಿಲ್ಲ.

ನನ್ನ ಕ್ರಮ ಇಷ್ಟೇ. ಮೊದಲು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡುವುದು. ಆಮೇಲೆ ಮೂರನೇ ವರ್ಷದಲ್ಲಿ ಇದನ್ನು ಯಾರು, ವಾರಕ್ಕೆ ಎಷ್ಟು ಹೊತ್ತು ನೋಡಿಕೊಳ್ಳುತ್ತಾರೆ ಎಂದು ಕೇಳುವುದು. ಹಾದಿ, ಬೆಂಚು, ಗಿಡ ಎಲ್ಲ ಅದಾದ ಮೇಲೆ. ಗಿಡದ ಪಟ್ಟಿ ಹಿಡಿದುಕೊಂಡು ಸಭೆಗೆ ಬಂದರೆ ಜಗಳ ಗ್ಯಾರಂಟಿ, ಯಾಕೆಂದರೆ ಗಿಡದ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯ ಇರುತ್ತದೆ. ಇಳಿಜಾರಿನ ಬಗ್ಗೆ ಯಾರೂ ಜಗಳ ಆಡುವುದಿಲ್ಲ.

ಈಗ ನೀರಿನ ಲೆಕ್ಕ. ನೀವು ಲೆಕ್ಕದವರು, ಸುಲಭ ಆಗುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಭವನದ 300 ಚದರ ಮೀಟರ್ ತಾರಸಿಗೆ 20 ಮಿಲಿಮೀಟರ್ ಮಳೆ ಬಂದರೆ 6,000 ಲೀಟರ್. ಇದೆಲ್ಲ ಒಂದೆರಡು ಪೈಪಿನಲ್ಲಿ ಧಬಧಬ ಬಿದ್ದು ಮೂಲೆಗೆ ಓಡುತ್ತಿದೆ. ಮೂಲೆಗೆ ಮಣ್ಣು ತುಂಬಿಸಿದರೆ ನೀರು ಮಾಯ ಆಗುವುದಿಲ್ಲ, ಪಕ್ಕದವರ ಗೋಡೆಗೋ ಭವನದ ಅಡಿಪಾಯಕ್ಕೋ ಹೋಗುತ್ತದೆ. ಹಾಗಾಗಿ ಗುತ್ತಿಗೆದಾರರ ಮಾತಿಗೆ ಒಪ್ಪಬೇಡಿ.

ಬದಲಿಗೆ ರೇನ್ ಗಾರ್ಡನ್ ಅನ್ನುವ ತಗ್ಗು ಪಾತಿ ಮಾಡಿ. ಸುತ್ತಲಿನ ನೆಲಕ್ಕಿಂತ 15 ಸೆಂಟಿಮೀಟರ್ ತಗ್ಗು, ತಳ ಮಟ್ಟಸ. 6,000 ಲೀಟರ್ ಹಿಡಿಯಲು ಸುಮಾರು 40 ಚದರ ಮೀಟರ್ ಬೇಕು. ನೀರು ಬೀಳುತ್ತಿರುವಾಗಲೇ ಒಂದಷ್ಟು ಇಂಗುತ್ತದೆ, ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. 2000 ಚದರ ಮೀಟರ್ ಜಾಗದಲ್ಲಿ 40 ಏನೂ ದೊಡ್ಡದಲ್ಲ, ಅಲ್ವಾ? ಭವನದ ಗೋಡೆಯಿಂದ 3 ಮೀಟರಾದರೂ ದೂರ ಇಡಿ.

ಸೊಳ್ಳೆಯ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಬೆಚ್ಚಗಿನ ಹವೆಯಲ್ಲೂ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಸಾಮಾನ್ಯವಾಗಿ ಒಂದು ವಾರದ ಮೇಲೇ ಹಿಡಿಯುತ್ತದೆ. ಪಾತಿಯ ನೀರು ಒಂದೆರಡು ದಿನದೊಳಗೆ ಇಂಗಿದರೆ ಸೊಳ್ಳೆಗೆ ಸಮಯವೇ ಸಿಗುವುದಿಲ್ಲ. ಇಂಗುತ್ತದಾ ಇಲ್ಲವಾ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಒಂದಡಿ ಅಗಲ, ಒಂದೂವರೆ ಅಡಿ ಆಳ ಗುಂಡಿ ತೋಡಿ. ತುಂಬ ನೀರು ಹಾಕಿ, ಪೂರ್ತಿ ಇಂಗಲು ಬಿಡಿ. ಒಣ ಮಣ್ಣು ಮೊದಲ ಸಲ ಗಟಗಟ ಕುಡಿಯುತ್ತದೆ, ಅದನ್ನು ನಂಬಬೇಡಿ. ಎರಡನೇ ಸಲ ತುಂಬಿಸಿ ಒಂದು ಕಡ್ಡಿ ನೆಟ್ಟು, ಗಂಟೆಗೆ ಎಷ್ಟು ಮಿಲಿಮೀಟರ್ ಇಳಿಯುತ್ತದೆ ಗುರುತು ಮಾಡಿ. 12ಕ್ಕಿಂತ ಜಾಸ್ತಿ ಇದ್ದರೆ ಆರಾಮ. ಜಾಗದ ಎರಡು ಮೂರು ಕಡೆ ಮಾಡಿ ನೋಡಿ, ಒಂದೇ ಅಂಗಳದಲ್ಲಿ ಮಣ್ಣು ಬೇರೆ ಬೇರೆ ಇರುತ್ತದೆ.

ಇನ್ನು ಪೇವರ್ ಹಾದಿ. ನೀರು ಇಂಗುವ ಪೇವರ್ ಎಂದು ಹೇಳಿ ಹಾಕುತ್ತಾರೆ, ಸಂದಿಯಲ್ಲಿ ಸಣ್ಣ ಜಲ್ಲಿ ಇರುತ್ತದೆ. ಒಳ್ಳೆಯದೇ. ಆದರೆ ಪಕ್ಕದ ಪಾತಿಯನ್ನು ಕಲ್ಲು ಕಟ್ಟಿ ಎತ್ತರಿಸಿದ್ದರೆ ಪ್ರತಿ ಮಳೆಗೂ ಪಾತಿಯ ಮಣ್ಣು ಕರಗಿ ಹಾದಿಗೆ ಬರುತ್ತದೆ. ಬಗ್ಗಿ ನೋಡಿ: ಸಂದಿಯ ಜಲ್ಲಿಯ ಮೇಲೆ ನಯವಾದ ಕಂದು ಪದರ ಕಟ್ಟಿರುತ್ತದೆ, ಬೆರಳಿನಿಂದ ಕೆರೆದರೆ ಚಕ್ಕೆಯಾಗಿ ಏಳುತ್ತದೆ. ಅಷ್ಟಾದ ಮೇಲೆ ಅದು ಸಿಮೆಂಟ್ ನೆಲವೇ. ಸಂದಿ ಕೆರೆದು ಹೊಸ ಜಲ್ಲಿ ತುಂಬಬೇಕು, ಅದನ್ನು ಯಾವ ಸಂಘವೂ ಮಾಡಿದ್ದು ನಾನು ಕಂಡಿಲ್ಲ. ಆದ್ದರಿಂದ ಉಲ್ಟಾ ಮಾಡಿ. ಪಾತಿ ಹಾದಿಗಿಂತ 5 ಸೆಂಟಿಮೀಟರ್ ತಗ್ಗಿರಲಿ. ಹಾದಿಯ ನೀರು ಪಾತಿಗೆ ಹೋಗಲಿ, ಅಂಚಿನ ಕಲ್ಲಿನಲ್ಲಿ ಅಲ್ಲಲ್ಲಿ ಕಿಂಡಿ ಬಿಡಿ. ಇದಕ್ಕೆ ಖರ್ಚೇನೂ ಇಲ್ಲ, ನಕ್ಷೆಯಲ್ಲಿ ಮಟ್ಟ ಬದಲಾಯಿಸಿದರೆ ಆಯಿತು.

ಮಿಯಾವಾಕಿ ವಿಷಯ. ಹುಡುಗರ ಉತ್ಸಾಹಕ್ಕೆ ನಾನು ಅಡ್ಡ ಬರುವುದಿಲ್ಲ. ಅಕಿರಾ ಮಿಯಾವಾಕಿ ಜಪಾನಿನ ಸಸ್ಯವಿಜ್ಞಾನಿ, 1970ರ ದಶಕದಿಂದ ಈ ವಿಧಾನ ಬೆಳೆಸಿದರು. ಅದರ ಜೀವಾಳ ಇರುವುದು ಒತ್ತೊತ್ತಾಗಿ ನೆಡುವುದರಲ್ಲಿ ಅಲ್ಲ. ಮನುಷ್ಯ ಕೈ ಹಾಕದೆ ಬಿಟ್ಟರೆ ಆ ಜಾಗದಲ್ಲಿ ಯಾವ ಕಾಡು ಬೆಳೆಯುತ್ತಿತ್ತು ಎಂದು ಹಳೆಯ ಕಾಡಿನ ತುಣುಕುಗಳನ್ನು ನೋಡಿ ಪತ್ತೆ ಮಾಡುವುದರಲ್ಲಿ. ಆ ಕೆಲಸ ಬಿಟ್ಟು, ನರ್ಸರಿಯಲ್ಲಿ ಸಿಕ್ಕಿದ ಸಸಿಗಳನ್ನು ಚದರ ಮೀಟರಿಗೆ ಮೂರರಂತೆ ತುರುಕಿ ಬೋರ್ಡ್ ಹಾಕಿದರೆ ಅದು ದಟ್ಟ ನರ್ಸರಿ, ಅಷ್ಟೇ. ಸರಿಯಾಗಿ ಮಾಡಿದರೂ ಮೊದಲ ಎರಡು ಮೂರು ವರ್ಷ ನೀರು, ಕಳೆ ನೋಡಲೇಬೇಕು. ಮತ್ತೆ, ಅದರೊಳಗೆ ಮಕ್ಕಳು ಆಡಲಾಗದು, ಅಜ್ಜಂದಿರು ಕೂರಲಾಗದು. ರಸ್ತೆ ಬದಿಗೆ 100–150 ಚದರ ಮೀಟರ್ ಪಟ್ಟಿ ಕೊಡಿ. ಧೂಳು ತಡೆಯುತ್ತದೆ, ಹಕ್ಕಿಗೆ ಆಸರೆ ಆಗುತ್ತದೆ. ಗೇಟಿನಿಂದ ಒಳಗೆ ನೋಟ ಮುಚ್ಚುವ ಹಾಗೆ ಮಾತ್ರ ಹಾಕಬೇಡಿ. ಸಂಜೆ ಹೊತ್ತು ಹೆಂಗಸರು ಆ ಕಡೆ ಬರುವುದನ್ನೇ ಬಿಡುತ್ತಾರೆ.

ಲಾನ್ ಪಾಪ ಏನೂ ಮಾಡಿಲ್ಲ. ಮಕ್ಕಳು ಬೀಳುವ, ಏಳುವ ಕಡೆ ಹುಲ್ಲೇ ಸರಿ. ಯಾರೂ ಕಾಲಿಡದ ಕಡೆ, 'ಹುಲ್ಲಿನ ಮೇಲೆ ನಡೆಯಬಾರದು' ಎಂಬ ಬೋರ್ಡಿನ ಹಿಂದೆ ಹುಲ್ಲು ಬೆಳೆಸಿ ನೀರುಣಿಸುವುದಕ್ಕೆ ನನ್ನ ವಿರೋಧ. ಆಟದ ತುಣುಕು ಎಷ್ಟು ಬೇಕೋ ಅಷ್ಟೇ ಇಡಿ. ಪಾಮ್ ಸಾಲಿಗೆ ನನ್ನ ಹತ್ತಿರ ಒಳ್ಳೆಯ ಮಾತಿಲ್ಲ. ಕಂಬದಷ್ಟೇ ನೆರಳು ಕೊಡುತ್ತದೆ.

ಕೊನೆಗೆ ಆ ಎರಡು ಮರ. ನಿಮ್ಮ ಜಾಗದ ಆಸ್ತಿ ಅಂದರೆ ಅವೇ. ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಯ ತುದಿಯಿಂದಲೂ ಆಚೆ ಹರಡಿರುತ್ತವೆ. ಕೆಲಸ ಶುರುವಾಗುವ ಮುಂಚೆ ಕೊಂಬೆ ಹರಡಿದಷ್ಟು ಅಗಲಕ್ಕೆ ಬೇಲಿ ಹಾಕಿಸಿ. ಆ ಬೇಲಿಯೊಳಗೆ ಜೆಸಿಬಿ ಬರಬಾರದು, ಜಲ್ಲಿ ಸುರಿಯಬಾರದು, ಮಣ್ಣು ಏರಿಸಬಾರದು. ಮರ ತಕ್ಷಣ ಸಾಯುವುದಿಲ್ಲ. ಕೆಲವು ವರ್ಷ ಆದ ಮೇಲೆ ತುದಿಯಿಂದ ಒಣಗುತ್ತಾ ಬರುತ್ತದೆ. ಅಷ್ಟರಲ್ಲಿ ಕಾರಣ ಎಲ್ಲರಿಗೂ ಮರೆತಿರುತ್ತದೆ.

ಸಂಶಯಜೀವಿಯವರ ಕಾರಂಜಿ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆದರೆ ನೀರನ್ನು ಚೆನ್ನಾಗಿ ಬಳಸಿದ ಉದಾಹರಣೆಯೂ ಇದೆ. ಸಿಂಗಪುರದ ಬಿಶಾನ್–ಆಂಗ್ ಮೊ ಕಿಯೊ ಪಾರ್ಕಿನಲ್ಲಿ 2.7 ಕಿಲೋಮೀಟರ್ ಕಾಂಕ್ರೀಟ್ ಕಾಲುವೆಯನ್ನು ಒಡೆದು 3.2 ಕಿಲೋಮೀಟರ್ ಡೊಂಕು ನದಿ ಮಾಡಿದರು, 2012ರಲ್ಲಿ ತೆರೆದರು. ಮಳೆ ಇಲ್ಲದಾಗ ಜನ ದಡದಲ್ಲಿ ಅಡ್ಡಾಡುತ್ತಾರೆ, ಪ್ರವಾಹ ಬಂದರೆ ಅದೇ ಹುಲ್ಲುಗಾವಲು ನೀರಿಗೆ ಜಾಗ ಬಿಡುತ್ತದೆ, ಎಚ್ಚರಿಕೆಗೆ ಸೈರನ್ ಇದೆ. ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಬೇರೆ: ದಡ ಕಟ್ಟುವ ಹಲವು ವಿಧಾನಗಳನ್ನು ಅವರು ಮೊದಲು ಒಂದು ಸಣ್ಣ ತುಣುಕಿನಲ್ಲಿ ಹಾಕಿ ನೋಡಿದರು. ನೀವೂ ಇಡೀ ಜಾಗಕ್ಕೆ ಒಟ್ಟಿಗೆ ಕೈ ಹಾಕಬೇಡಿ.


ಉತ್ತರ: ನೆರಳು

ಗುದ್ದಲಿ ಸರ್ ನೀರು, ಮಣ್ಣು ಎಲ್ಲ ಹೇಳಿದರು. ಕೂರುವ ಜಾಗ ಎಲ್ಲಿ?

ನಮ್ಮ ತಾಯಿಗೆ ಮಂಡಿ ನೋವು. ಪಾರ್ಕಿಗೆ ಹೋದರೆ ಮೊದಲು ಕೈ ಇರುವ ಬೆಂಚು ಹುಡುಕುತ್ತಾರೆ, ಕೈಯೂರಿ ಏಳಬೇಕಲ್ಲ. ಸುಮಾರು 45 ಸೆಂಟಿಮೀಟರ್ ಎತ್ತರ, ಬೆನ್ನಿಗೆ ಆಸರೆ, ಮಧ್ಯಾಹ್ನದ ನೆರಳು. ಇಷ್ಟಿದ್ದರೆ ಸಾಕು. ವಿನ್ಯಾಸಕಾರರಿಗೆ ಉದ್ದನೆಯ ಕಲ್ಲಿನ ದಿಂಡು ಇಷ್ಟ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಕೂತರೆ ಬೇಸಿಗೆಯಲ್ಲಿ ಕಾದಿರುತ್ತದೆ.

ವಿಲಿಯಂ ವೈಟ್ ಎಂಬವರು 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನ ಏನು ಮಾಡುತ್ತಾರೆ ಎಂದು ನೋಡಿದ್ದರು. ಕೆಲವು ಚೌಕ ತುಂಬಿ ತುಳುಕುತ್ತವೆ, ಕೆಲವು ಖಾಲಿ. ಕಂಡುಕೊಂಡದ್ದು ತೀರಾ ಸಾದಾ ವಿಷಯ: ಕೂರಲು ಜಾಗ ಇದ್ದ ಕಡೆ ಜನ ಕೂರುತ್ತಾರೆ. ಎತ್ತಿಡಬಹುದಾದ ಕುರ್ಚಿ ಕೊಟ್ಟರೆ, ಜನ ಕೂರುವ ಮುಂಚೆ ಅದನ್ನು ಒಂದಿಷ್ಟು ಆಚೀಚೆ ಸರಿಸುತ್ತಾರೆ, ಕಾರಣವೇ ಇಲ್ಲದಿದ್ದರೂ. ನಿಮ್ಮಲ್ಲಿ ಭವನ ಪಕ್ಕದಲ್ಲೇ ಇದೆ, ರಾತ್ರಿ ಒಳಗಿಡಬಹುದು. ನಾಲ್ಕಾರು ಹಗುರ ಕುರ್ಚಿ ಇಟ್ಟು ನೋಡಿ. ಅವು ದಿನದ ಕೊನೆಗೆ ಎಲ್ಲಿ ಸೇರಿರುತ್ತವೋ ಅಲ್ಲೇ ಬೆಂಚು ಹಾಕಿಸಿ.

ಹಾದಿಗೂ ಇದೇ ಉಪಾಯ. ಈಗಲೇ ಖಾಲಿ ಜಾಗದಲ್ಲಿ ಜನ ನಡೆದು ಸವೆದ ಗೆರೆ ಇರಬೇಕಲ್ಲ? ಅದನ್ನು ನಕ್ಷೆಯ ಮೇಲೆ ಬರೆಯಿರಿ. ನಕ್ಷೆಯ ಚೆಂದದ ವೃತ್ತಕ್ಕಾಗಿ ಯಾರೂ ಸುತ್ತಿ ಬರುವುದಿಲ್ಲ, ಪಾತಿ ತುಳಿದೇ ಹೋಗುತ್ತಾರೆ. ಅಗಲ ಒಂದೂವರೆ ಮೀಟರ್ ಇದ್ದರೆ ಗಾಲಿಕುರ್ಚಿ ತಿರುಗಿಸಬಹುದು. ಇಳಿಜಾರು 12 ಅಡಿಗೆ 1 ಅಡಿಗಿಂತ ಕಡಿದಾಗಿರಬಾರದು. ಬಿಡಿ ಜಲ್ಲಿ ಹಾದಿ ಬೇಡವೇ ಬೇಡ. ನೀರು ಇಂಗುತ್ತದೆ ನಿಜ, ಗಾಲಿಯೂ ಇಂಗುತ್ತದೆ.


ಪ್ರತಿಕ್ರಿಯೆ: ಮೂಲೆಮನೆ

ಎಲ್ಲರಿಗೂ ಧನ್ಯವಾದ. ಸವೆದ ಗೆರೆ ಇದೆ, ಗೇಟಿನಿಂದ ನೇರ ಭವನದ ಹಿಂಬಾಗಿಲಿಗೆ. ನಕ್ಷೆಯಲ್ಲಿ ಸರಿಯಾಗಿ ಅಲ್ಲೇ ಕಾರಂಜಿ ಬಂದಿದೆ!

ಗುಂಡಿ ಪರೀಕ್ಷೆ ಮಾಡಿಸಿದೆ. ಹಿಂದಿನ ಮೂಲೆಯಲ್ಲಿ ಎರಡನೇ ಸಲ ಗಂಟೆಗೆ 8 ಮಿಲಿಮೀಟರ್ ಮಾತ್ರ ಇಳಿಯಿತು. ಭವನದ ಕಡೆ, ಇಳಿಜಾರಿನಲ್ಲಿ ಮರಗಳಿಗಿಂತ ಮೇಲೆ, ಗಂಟೆಗೆ 30. ಮೂಲೆಯಲ್ಲಿ ಜೇಡಿಮಣ್ಣು, ಉಂಡೆ ಕಟ್ಟಿದರೆ ಅಂಟುತ್ತದೆ. ಹಾಗಾದರೆ ತಗ್ಗು ಪಾತಿ ಆಗುವುದಿಲ್ಲವೇ? ಇನ್ನೊಂದು, ಒಂದು ಮರದ ಸುತ್ತ ಯಾರೋ ಸಿಮೆಂಟ್ ಕಟ್ಟೆ ಕಟ್ಟಿದ್ದಾರೆ, ಬುಡಕ್ಕೆ ಅಂಟಿಕೊಂಡಿದೆ. ಇಟ್ಟಿಗೆ ಚೂರು ಎಲ್ಲ ಹೊರಗೆ ಸಾಗಿಸಬೇಕಾ?


ಉತ್ತರ: ಗುದ್ದಲಿ

ಚೆನ್ನಾಗಿ ಮಾಡಿದ್ದೀರಿ. ಬಹಳ ಜನ ಇಷ್ಟೂ ಮಾಡದೆ ನಕ್ಷೆಗೆ ಸಹಿ ಹಾಕುತ್ತಾರೆ.

ಪಾತಿ ಖಂಡಿತ ಆಗುತ್ತದೆ, ಜಾಗ ಬದಲಾಯಿಸಿ ಅಷ್ಟೇ. ನೀರು ನಿಲ್ಲುವ ಕಡೆಯೇ ಇಂಗಿಸಬೇಕು ಎಂದೇನೂ ಇಲ್ಲ. ಅದು ಬೀಳುವ ಕಡೆಯೇ ಹಿಡಿಯಿರಿ. ಭವನದ ಪೈಪಿನ ಬಾಯಿಯಿಂದ ಕಲ್ಲು ಹಾಸಿದ ಸಣ್ಣ ಕಾಲುವೆ, ಗೋಡೆಯಿಂದ 3 ಮೀಟರ್ ಆಚೆ ಮೊದಲ ಪಾತಿ. ಅಲ್ಲಿ ಗಂಟೆಗೆ 30 ಇಳಿಯುತ್ತದೆ ಅಂದರೆ 15 ಸೆಂಟಿಮೀಟರ್ ನೀರು ಸುಮಾರು 5 ಗಂಟೆಯಲ್ಲಿ ಖಾಲಿ. ಪೈಪು ಬೀಳುವ ಜಾಗಕ್ಕೆ ದಪ್ಪ ಕಲ್ಲು ಹಾಕಿಸಿ, ಇಲ್ಲದಿದ್ದರೆ ಮೊದಲ ಮಳೆಗೇ ಮಣ್ಣು ಕೊರೆದುಕೊಂಡು ಹೋಗುತ್ತದೆ.

ಮೂಲೆಯಲ್ಲಿ ಎರಡನೆಯದು, ಇನ್ನೂ ಆಳ ಕಡಿಮೆ, 10 ಸೆಂಟಿಮೀಟರ್ ಸಾಕು. ಗಂಟೆಗೆ 8ರಂತೆ ಹನ್ನೆರಡು ಹದಿಮೂರು ಗಂಟೆ. ಮಳೆ ಬಿಡದೆ ಹಿಡಿದಾಗ ಮಣ್ಣು ತೊಯ್ದಿರುತ್ತದೆ, ಆಗ ಜಾಸ್ತಿ ಹೊತ್ತು ಹಿಡಿಯುತ್ತದೆ. ಜೇಡಿಗೆ ಮರಳು ಬೆರೆಸಿ ಎಂದು ಯಾರಾದರೂ ಹೇಳುತ್ತಾರೆ, ಸ್ವಲ್ಪ ಮರಳು ಬೆರೆಸಿದರೆ ಇನ್ನೂ ಗಟ್ಟಿಯಾಗುತ್ತದೆ. ಕಾಂಪೋಸ್ಟ್ ಬೆರೆಸಿ. ನೀರಿನಲ್ಲೂ ನಿಲ್ಲುವ, ಒಣಗಿದರೂ ತಡೆಯುವ ಹುಲ್ಲಿನ ಜಾತಿಗಳನ್ನು ಹಾಕಿ. ಅಂಚಿನ ಇಳಿಜಾರಿಗೆ ಲಾವಂಚ ಒಳ್ಳೆಯದು, ಬೇರು ನೇರ ಕೆಳಗೆ ಹೋಗಿ ಮಣ್ಣು ಹಿಡಿಯುತ್ತದೆ.

ಎರಡೂ ಪಾತಿಗೆ ಕೋಡಿ ಬೇಕೇ ಬೇಕು. ನಕ್ಷೆಯಲ್ಲಿ ಮೊದಲು ನೋಡಬೇಕಾದ್ದು ಇದು. ಮೇಲಿನ ಪಾತಿಯ ಕೋಡಿ ಎರಡಡಿ ಅಗಲ, ಕಲ್ಲು ಹಾಸಿದ್ದು, ತಳದಿಂದ 15 ಸೆಂಟಿಮೀಟರ್ ಎತ್ತರದಲ್ಲಿ. ತುಂಬಿದ ಮೇಲೆ ನೀರು ಅಲ್ಲಿಂದ ಕೆಳಗಿನ ಪಾತಿಗೆ, ಅಲ್ಲಿಯ ಕೋಡಿಯಿಂದ ಹೊರಗಿನ ಚರಂಡಿಗೆ. ಕಾಲುವೆ ಮರದ ಬೇಲಿಯೊಳಗಿಂದ ಹಾಯದ ಹಾಗೆ ಸುತ್ತಿಸಿ. ಕೋಡಿಯ ಮಟ್ಟ ಭವನದ ನೆಲಕ್ಕಿಂತ ಸಾಕಷ್ಟು ಕೆಳಗಿರಬೇಕು. ವಿನ್ಯಾಸಕಾರರಿಗೆ ಎರಡು ಕೋಡಿ, ಭವನದ ನೆಲ, ಈ ಮೂರು ಮಟ್ಟಗಳನ್ನು ಅಂಕಿಯಲ್ಲಿ ಬರೆದುಕೊಡಿ ಅನ್ನಿ. ಬಾಣದ ಗುರುತು ಹಾಕಿ 'ನೀರು ಹರಿವು' ಎಂದು ಬರೆದರೆ ಒಪ್ಪಬೇಡಿ.

ಇಟ್ಟಿಗೆ ಚೂರನ್ನೆಲ್ಲ ಸಾಗಿಸುವುದು ದಂಡ. ಲಾರಿ ಬರುವುದು, ಹೋಗುವುದು, ಅದರ ಗಾಲಿಗೆ ಉಳಿದ ಮಣ್ಣೂ ಗಟ್ಟಿಯಾಗುವುದು. ಹಾದಿಯ ಕೆಳಗೆ ತುಂಬಲು ಅದೇ ಚೂರು ಬಳಸಿ. ಗಾರೆ, ಸಿಮೆಂಟ್ ಹೆಂಟೆಗಳನ್ನು ಮಾತ್ರ ಪಾತಿಯಿಂದ ಆರಿಸಿ ತೆಗೆಸಿ, ಅವು ಮಣ್ಣನ್ನು ಸುಣ್ಣದ ಕಡೆ ಎಳೆಯುತ್ತವೆ. ಗಿಡ ನೆಡುವ ಕಡೆ, ಮರದ ಬೇಲಿಯ ಹೊರಗೆ, ಒಂದಡಿ ಆಳ ಅಗೆದು ಸಡಿಲ ಮಾಡಿ ಕಾಂಪೋಸ್ಟ್ ಬೆರೆಸಿ. ಮೇಲೆ ತರಗೆಲೆ 7–8 ಸೆಂಟಿಮೀಟರ್ ಹೊದಿಸಿ, ಕಾಂಡಕ್ಕೆ ತಾಗಿಸಬೇಡಿ. ಎರಡು ದೊಡ್ಡ ಮರದ ಎಲೆಯೇ ಸಾಕಾಗುತ್ತದೆ. ಮಾಲಿಗೆ ಇನ್ನು ಎಲೆ ಗುಡಿಸಿ ಸುಡುವ ಕೆಲಸ ಇಲ್ಲ ಎಂದು ಸಂಘದ ಸಭೆಯಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ಯಾರಾದರೂ ಕಸ ಬಿದ್ದಿದೆ ಎಂದು ಅವರ ಮೇಲೆ ರೇಗುತ್ತಾರೆ.

ಸಿಮೆಂಟ್ ಕಟ್ಟೆ ತೆಗೆಸಿ. ಒಳಗೆ ಬುಡದ ಮೇಲೆ ಮಣ್ಣು ಏರಿಸಿರುತ್ತಾರೆ, ಅದನ್ನೂ ತೆಗೆದು ಬುಡ ಅಗಲವಾಗಿ ಬೇರಿಗೆ ತಿರುಗುವ ಜಾಗ ಕಾಣುವ ಹಾಗೆ ಮಾಡಿ. ಸುತ್ತಿಗೆ, ಉಳಿಯಲ್ಲಿ ಕೈಯಿಂದಲೇ ಒಡೆಸಿ, ಯಂತ್ರ ಬೇಡ. ಜನ ಅಲ್ಲಿ ಕೂರುವ ಅಭ್ಯಾಸ ಇದ್ದರೆ ಮೊದಲು ಪಕ್ಕದಲ್ಲಿ 'ನೆರಳು' ಅವರು ಹೇಳಿದಂಥ ಬೆಂಚು ಹಾಕಿಸಿ, ಆಮೇಲೆ ಒಡೆಸಿ. ಇಲ್ಲದಿದ್ದರೆ ಮುಂದಿನ ಸಭೆ ಪೂರ್ತಿ ಕಟ್ಟೆಯ ಮೇಲೇ ನಡೆಯುತ್ತದೆ.